ದೂರದ ಸರ್ವರ್‌ಗೆ ಸೀರಿಯಲ್ ಕನ್ಸೋಲ್: ಎಸ್‌ಎಸ್‌ಎಚ್ ಸಿಗದಿದ್ದಾಗ ಯಂತ್ರವನ್ನು ತಲುಪುವ ದಾರಿ ಹೇಗಿರಬೇಕು?

ಧಾರವಾಡ_ನಿರ್ವಾಹಕ

ಎಲ್ಲರಿಗೂ ನಮಸ್ಕಾರ. ನಮ್ಮ ಸಂಸ್ಥೆಯ ಕೆಲವು ಸರ್ವರ್‌ಗಳು ಮುಂಬಯಿಯ ಒಂದು ಡೇಟಾ ಸೆಂಟರಿನಲ್ಲಿವೆ. ಅವುಗಳ ಹೊಣೆ ಹೊತ್ತಿರುವ ನಾನು ಇರುವುದು ಧಾರವಾಡದಲ್ಲಿ. ಎಲ್ಲವೂ ಲಿನಕ್ಸ್ ಯಂತ್ರಗಳು, ಡಿಸ್ಕ್‌ಗಳನ್ನು ಲಿನಕ್ಸ್‌ನ ಲಕ್ಸ್ ಎಂಬ ವಿಧಾನ ಬಳಸಿ ಎನ್‌ಕ್ರಿಪ್ಟ್ ಮಾಡಿದ್ದೇವೆ. ರೀಬೂಟ್ ಆದಾಗ ಡಿಸ್ಕ್ ತೆರೆಯುವ ಪಾಸ್‌ಫ್ರೇಸ್ ಕೊಡಲು ಇನಿಟ್‌ರಾಮ್‌ಎಫ್‌ಎಸ್ (ಮುಖ್ಯ ಡಿಸ್ಕ್ ತೆರೆಯುವ ಮೊದಲು ಮೆಮೊರಿಯಲ್ಲಿ ಓಡುವ ಪುಟ್ಟ ವ್ಯವಸ್ಥೆ) ಒಳಗೆ ಡ್ರಾಪ್‌ಬೇರ್ ಎಂಬ ಪುಟ್ಟ ಎಸ್‌ಎಸ್‌ಎಚ್ ಸರ್ವರ್, ಅಂದರೆ ಜಾಲದ ಮೂಲಕ ದೂರದಿಂದ ಲಾಗಿನ್ ಆಗಲು ಬಿಡುವ ತಂತ್ರಾಂಶ, ಓಡುತ್ತದೆ. ಇತ್ತೀಚೆಗೆ ಒಂದು ಯಂತ್ರವನ್ನು ವಿತರಣೆಯ ಹೊಸ ಆವೃತ್ತಿಗೆ ಏರಿಸಿ ರೀಬೂಟ್ ಮಾಡಿದಾಗ ಆ ಡ್ರಾಪ್‌ಬೇರ್ ಕೂಡ ಸಿಗಲಿಲ್ಲ, ಪಿಂಗ್‌ಗೂ ಉತ್ತರ ಬರಲಿಲ್ಲ. ಡೇಟಾ ಸೆಂಟರಿನ ಸಿಬ್ಬಂದಿ ಮಾನಿಟರ್ ಜೋಡಿಸಿ ಪರದೆಯ ಫೋಟೋ ಕಳುಹಿಸಿದರು. ಯಂತ್ರ ಪಾಸ್‌ಫ್ರೇಸ್‌ಗಾಗಿ ಕಾಯುತ್ತ ನಿಂತಿತ್ತು. ಅದನ್ನು ಫೋನಿನಲ್ಲಿ ಅಪರಿಚಿತರಿಗೆ ಹೇಳುವಂತಿರಲಿಲ್ಲ. ಕೊನೆಗೆ ಮುಂಬಯಿಯಲ್ಲಿರುವ ನಮ್ಮ ಸಹೋದ್ಯೋಗಿಯೊಬ್ಬರು ಖುದ್ದಾಗಿ ಹೋಗಿ ಅದನ್ನು ಟೈಪಿಸಬೇಕಾಯಿತು.

ಪ್ರತಿ ಯಂತ್ರದಲ್ಲೂ ಬಿಎಂಸಿ, ಅಂದರೆ ಯಂತ್ರವನ್ನು ದೂರದಿಂದ ನಿರ್ವಹಿಸಲು ಬಿಡುವ ಪುಟ್ಟ ನಿಯಂತ್ರಕ, ಇದೆ, ಆದರೆ ಅದರ ನೆಟ್‌ವರ್ಕ್ ಪೋರ್ಟಿಗೆ ಕೇಬಲ್ ಹಾಕಿಸಿಲ್ಲ. ಈಗ ಹಾಕಿಸಲು ಅನುಮತಿ ಸಿಕ್ಕಿದೆ. ಬಿಎಂಸಿಯ ಬ್ರೌಸರ್ ಪರದೆಯೊಂದೇ ಸಾಕೇ, ಅಥವಾ ಸೀರಿಯಲ್ ಕನ್ಸೋಲನ್ನೂ (ಸೀರಿಯಲ್ ಪೋರ್ಟಿನ ಮೂಲಕ ಬರಿ ಅಕ್ಷರಗಳಲ್ಲಿ ಯಂತ್ರದೊಡನೆ ವ್ಯವಹರಿಸುವ ದಾರಿ) ಸಿದ್ಧಪಡಿಸಬೇಕೇ? ಪಡಿಸುವುದಾದರೆ ಯಾವ ಯಾವ ಕಡೆ ಬದಲಾವಣೆ ಬೇಕು? ಬಿಎಂಸಿಯನ್ನು ಹೊರಗಿನಿಂದ ತಲುಪುವಂತೆ ಮಾಡಿದರೆ ಆಗುವ ಅಪಾಯಗಳೇನು? ಅನುಭವಸ್ಥರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಹಳೇ_ಟರ್ಮಿನಲ್

ಮೊದಲು ನಿಮ್ಮ ಯಂತ್ರಕ್ಕೆ ಏನಾಗಿರಬಹುದೆಂಬುದನ್ನು ಹೇಳುತ್ತೇನೆ. ಕರ್ನಲ್ 6.7ರಿಂದ ಈಚೆಗೆ ಐ40ಇ ಡ್ರೈವರ್ ಬಳಸುವ ನೆಟ್‌ವರ್ಕ್ ಕಾರ್ಡುಗಳ ಹೆಸರಿನ ಕೊನೆಗೆ ‘ಎನ್‌ಪಿ0’ ಎಂಬ ಬಾಲ ಸೇರಿಕೊಳ್ಳುತ್ತದೆ. ಇನಿಟ್‌ರಾಮ್‌ಎಫ್‌ಎಸ್ ಸಂರಚನೆಯಲ್ಲಿ ಹಳೆಯ ಹೆಸರನ್ನೇ ಬರೆದಿಟ್ಟಿದ್ದರೆ ಡ್ರಾಪ್‌ಬೇರ್‌ಗೆ ಐಪಿ ವಿಳಾಸವೇ ಸಿಗುವುದಿಲ್ಲ. ನಿಮ್ಮ ಕಾರ್ಡು ಆ ಡ್ರೈವರಿನದೇ ಎಂದು ನೋಡಿಕೊಳ್ಳಿ. ಇಂಥ ಸಂದರ್ಭದಲ್ಲಿ ನೆಟ್‌ವರ್ಕ್ ಮೇಲೆ ನಿಂತ ಯಾವ ಉಪಾಯವೂ ಕೆಲಸ ಮಾಡದು. ಕರ್ನಲ್‌ನ ನೆಟ್‌ವರ್ಕ್ ಪದರದ ಹಂಗಿಲ್ಲದ ದಾರಿಯೊಂದು ಬೇಕೇ ಬೇಕು. ಅದೇ ಸೀರಿಯಲ್ ಕನ್ಸೋಲ್.

ಸೀರಿಯಲ್ ಕನ್ಸೋಲ್ ಎಂದರೆ ಒಂದು ಕಡೆ ಆನ್ ಮಾಡಿದರೆ ಮುಗಿಯುವ ಸೌಲಭ್ಯವಲ್ಲ. ಯಂತ್ರ ಎದ್ದು ನಿಲ್ಲುವ ಹಾದಿಯಲ್ಲಿ ಫರ್ಮ್‌ವೇರ್ (ಬಯಾಸ್), ಬೂಟ್ ಮೆನು ತೋರಿಸುವ ಗ್ರಬ್, ಕರ್ನಲ್, ಇನಿಟ್‌ರಾಮ್‌ಎಫ್‌ಎಸ್, ಕೊನೆಗೆ ಲಾಗಿನ್ ಕೇಳುವ ಗೆಟ್ಟಿ, ಇಷ್ಟೂ ಒಂದರ ನಂತರ ಒಂದು ಯಂತ್ರದ ಹಿಡಿತ ಪಡೆಯುತ್ತವೆ. ಪ್ರತಿಯೊಂದಕ್ಕೂ ಯಾವ ಪೋರ್ಟಿನಲ್ಲಿ, ಯಾವ ವೇಗದಲ್ಲಿ ಮಾತನಾಡಬೇಕೆಂದು ಹೇಳಿಕೊಡಬೇಕು. ನಡುವೆ ಒಂದು ಪದರ ಬಿಟ್ಟುಹೋದರೆ ನಿಮಗೆ ಕರ್ನಲ್ ಸಂದೇಶಗಳು ಕಾಣುತ್ತವೆ ಆದರೆ ಲಾಗಿನ್ ಬರುವುದಿಲ್ಲ, ಅಥವಾ ಲಾಗಿನ್ ಬರುತ್ತದೆ ಆದರೆ ಹಳೆಯ ಕರ್ನಲ್ ಆರಿಸಲು ಗ್ರಬ್ ಮೆನು ಕಾಣುವುದಿಲ್ಲ.

ಬಯಾಸ್‌ನಲ್ಲಿ ‘ಕನ್ಸೋಲ್ ರೀಡೈರೆಕ್ಷನ್’ ಎಂಬ ಪುಟವಿರುತ್ತದೆ. ಅದನ್ನು ಚಾಲೂ ಮಾಡಿ, ವೇಗ 115200, ಟರ್ಮಿನಲ್ ಬಗೆ ವಿಟಿ100 ಅಥವಾ ವಿಟಿ-ಯುಟಿಎಫ್8 ಎಂದು ಇಡಿ. ಇಲ್ಲಿ ಗಮನಿಸಬೇಕಾದದ್ದು ಪೋರ್ಟು. ಬಿಎಂಸಿಯ ಮೂಲಕ ಸಿಗುವ ಸೀರಿಯಲ್, ಅಂದರೆ ‘ಸೀರಿಯಲ್ ಓವರ್ ಲ್ಯಾನ್’, ಬಹಳಷ್ಟು ಸರ್ವರ್‌ಗಳಲ್ಲಿ ಕಾಮ್2 ಮೇಲೆ ಕೂತಿರುತ್ತದೆ. ಲಿನಕ್ಸ್ ಅದನ್ನು ಟಿಟಿವೈಎಸ್1 ಎಂದು ಕರೆಯುತ್ತದೆ. ಹಿಂಬದಿಯಲ್ಲಿ ಕಾಣುವ ಒಂಬತ್ತು ಪಿನ್ನಿನ ಕನೆಕ್ಟರ್ ಸಾಮಾನ್ಯವಾಗಿ ಕಾಮ್1, ಅಂದರೆ ಟಿಟಿವೈಎಸ್0. ಅಂತರ್ಜಾಲದ ಉದಾಹರಣೆಗಳೆಲ್ಲ ಟಿಟಿವೈಎಸ್0 ಎಂದೇ ಬರೆದಿರುವುದರಿಂದ ಅದನ್ನೇ ನಕಲಿಸಿ, ಏನೂ ಕಾಣುತ್ತಿಲ್ಲವೆಂದು ಬಹಳ ಜನ ಪರದಾಡುತ್ತಾರೆ. ಪರೀಕ್ಷೆ ಸರಳ: ಯಂತ್ರ ಓಡುತ್ತಿರುವಾಗಲೇ ಬಿಎಂಸಿಯ ಸೀರಿಯಲ್ ತೆರೆದಿಟ್ಟು, ಇನ್ನೊಂದು ಎಸ್‌ಎಸ್‌ಎಚ್ ಕಿಟಕಿಯಿಂದ ಟಿಟಿವೈಎಸ್0, ಟಿಟಿವೈಎಸ್1 ಎರಡಕ್ಕೂ ಎಕೋ ಆಜ್ಞೆಯಿಂದ ಬೇರೆ ಬೇರೆ ಪದ ಬರೆಯಿರಿ. ಯಾವ ಪದ ಕಂಡಿತೋ ಅದೇ ನಿಮ್ಮ ಪೋರ್ಟು. ಅರ್ಥವಿಲ್ಲದ ಚಿಹ್ನೆಗಳು ಕಂಡರೆ ಪೋರ್ಟು ಸರಿಯಾಗಿದೆ, ವೇಗ ತಪ್ಪಿದೆ.

ಕರ್ನಲ್‌ಗೆ ಕೊಡುವ ಸಾಲಿನಲ್ಲಿ ಮೊದಲು ‘ಕನ್ಸೋಲ್=ಟಿಟಿವೈ0’ (ಮಾನಿಟರ್ ಪರದೆ), ಆಮೇಲೆ ‘ಕನ್ಸೋಲ್=ಟಿಟಿವೈಎಸ್1,115200ಎನ್8’ ಎಂದು ಬರೆಯಬೇಕು. ಈ ಕ್ರಮವನ್ನು ದಯವಿಟ್ಟು ಹಗುರವಾಗಿ ನೋಡಬೇಡಿ. ಕರ್ನಲ್ ಸಂದೇಶಗಳು ಎರಡೂ ಕಡೆ ಹೋಗುತ್ತವೆ, ಆದರೆ ಸಾಲಿನಲ್ಲಿ ಕೊನೆಗೆ ಬಂದದ್ದೇ ಮುಖ್ಯ ಕನ್ಸೋಲ್ ಆಗುತ್ತದೆ, ಮತ್ತು ಇನಿಟ್‌ರಾಮ್‌ಎಫ್‌ಎಸ್ ಪಾಸ್‌ಫ್ರೇಸ್ ಕೇಳುವುದು ಆ ಮುಖ್ಯ ಕನ್ಸೋಲಿನಲ್ಲಿ. ಕ್ರಮ ತಿರುಗಿದರೆ ಸೀರಿಯಲ್‌ನಲ್ಲಿ ಸಂದೇಶಗಳೆಲ್ಲ ಹರಿದು ಬಂದು, ಸರಿಯಾಗಿ ಪಾಸ್‌ಫ್ರೇಸ್ ಕೇಳುವ ಹೊತ್ತಿಗೆ ಮೌನವಾಗುತ್ತದೆ. ಪ್ರಶ್ನೆ ಮಾತ್ರ ಯಾರೂ ನೋಡದ ಮಾನಿಟರ್ ಪೋರ್ಟಿನಲ್ಲಿ ನಿಂತಿರುತ್ತದೆ. ನಿಮ್ಮಂಥ ಎನ್‌ಕ್ರಿಪ್ಟ್ ಮಾಡಿದ ಯಂತ್ರಗಳಿಗೆ ಇದು ಜೀವಾಳ.

ಗೆಟ್ಟಿಯ ಚಿಂತೆ ಬೇಡ. ಕರ್ನಲ್ ಸಾಲಿನಲ್ಲಿ ಸೀರಿಯಲ್ ಕನ್ಸೋಲ್ ಇದ್ದರೆ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿ ತಾನೇ ಆ ಪೋರ್ಟಿನಲ್ಲಿ ಸೀರಿಯಲ್-ಗೆಟ್ಟಿಯನ್ನು ಎಬ್ಬಿಸುತ್ತದೆ.

ಕಾವೇರಿ_ಕ್ಲೌಡ್

ಮೇಲಿನ ವಿವರಣೆ ಚೆನ್ನಾಗಿದೆ, ಆದರೂ ನನ್ನ ಅಭಿಪ್ರಾಯ ಬೇರೆ. ಇಂದಿನ ಬಿಎಂಸಿಗಳೆಲ್ಲ ಎಚ್‌ಟಿಎಂಎಲ್5 ಪರದೆ ಕೊಡುತ್ತವೆ. ಬಯಾಸ್‌ನಿಂದ ಹಿಡಿದು ಪಾಸ್‌ಫ್ರೇಸ್‌ವರೆಗೆ ಎಲ್ಲವೂ, ಯಾವ ಪದರಕ್ಕೂ ಏನನ್ನೂ ಹೇಳಿಕೊಡದೆ, ಇದ್ದದ್ದು ಇದ್ದಂತೆ ಕಾಣುತ್ತದೆ. ಐಎಸ್‌ಒ ಎಂಬ ಡಿಸ್ಕ್-ಪ್ರತಿಯ ಕಡತವನ್ನು ದೂರದಿಂದಲೇ ಜೋಡಿಸಿ ರೆಸ್ಕ್ಯೂ ವ್ಯವಸ್ಥೆಗೆ ಬೂಟ್ ಮಾಡಬಹುದು. ಕೆಲವೇ ಯಂತ್ರಗಳಿರುವ ಸಂಸ್ಥೆಗೆ 1960ರ ಆರ್‌ಎಸ್-232 ಕಾಲದ ವಿಧಾನವನ್ನು ಹೊರಿಸುವ ಅಗತ್ಯವಿದೆಯೇ? ಧಾರವಾಡದವರು ಮೊದಲು ಕೇಬಲ್ ಹಾಕಿಸಿ, ಪರದೆಯನ್ನು ಬಳಸಿ ನೋಡಿ, ಸಾಲದೆಂದು ಕಂಡರೆ ಮಾತ್ರ ಮುಂದುವರಿಯಲಿ.

ರ್ಯಾಕ್_ಪಾಲಕಿ

ಕಾವೇರಿ_ಕ್ಲೌಡ್ ಅವರೇ, ಐಎಸ್‌ಒ ಜೋಡಿಸುವ ವಿಷಯದಲ್ಲಿ ನಿಮ್ಮ ಮಾತು ಸಂಪೂರ್ಣ ನಿಜ. ಅದಕ್ಕೆ ಸೀರಿಯಲ್‌ನಲ್ಲಿ ಸಾಟಿಯಿಲ್ಲ. ಆದರೆ ಪರದೆ ಎಂಬುದು ಆ ಕ್ಷಣದ ಚಿತ್ರ ಮಾತ್ರ. ರಾತ್ರಿ ಎರಡು ಗಂಟೆಗೆ ಕರ್ನಲ್ ಪ್ಯಾನಿಕ್ ಆಗಿ ಯಂತ್ರ ನಿಂತಿತೆಂದುಕೊಳ್ಳಿ. ಬೆಳಿಗ್ಗೆ ಬ್ರೌಸರ್ ತೆರೆದರೆ ಕಾಣುವುದು ದೋಷದ ಜಾಡು ತೋರುವ ಕಾಲ್ ಟ್ರೇಸ್‌ನ ಬಾಲದ ಕೆಲವು ಸಾಲುಗಳು. ಯಾವ ಡ್ರೈವರಿನಲ್ಲಿ ತೊಡಕು ಶುರುವಾಯಿತೆಂದು ಹೇಳುವ ಮೊದಲ ಸಾಲು ಅದಾಗಲೇ ಮೇಲೆ ಸರಿದು ಹೋಗಿರುತ್ತದೆ. ಸತ್ತ ಕರ್ನಲ್‌ನಲ್ಲಿ ಹಿಂದಕ್ಕೆ ಸರಿಸಿ ನೋಡಲೂ ಬರುವುದಿಲ್ಲ. ಡಿಸ್ಕಿಗೆ ಬರೆಯುವ ಶಕ್ತಿಯನ್ನೇ ಯಂತ್ರ ಕಳೆದುಕೊಂಡಿದ್ದರಿಂದ ಲಾಗ್ ಕಡತದಲ್ಲೂ ಅದು ಇರುವುದಿಲ್ಲ.

ಸೀರಿಯಲ್‌ನಿಂದ ಬರುವುದು ಅಕ್ಷರಗಳ ಪ್ರವಾಹ. ಅದನ್ನು ಬೇರೊಂದು ಯಂತ್ರ ಇಪ್ಪತ್ತನಾಲ್ಕು ತಾಸೂ ಕೇಳಿಸಿಕೊಂಡು, ಪ್ರತಿ ಸಾಲಿಗೂ ಸಮಯ ನಮೂದಿಸಿ ಕಡತದಲ್ಲಿ ಬರೆದಿಡಬಹುದು. ‘ಕನ್‌ಸರ್ವರ್’ ಎಂಬ ಮುಕ್ತ ತಂತ್ರಾಂಶ ಇದಕ್ಕೆಂದೇ ಇದೆ. ಯಾರೂ ನೋಡದಿದ್ದಾಗಲೂ ಅದು ದಾಖಲಿಸುತ್ತಿರುತ್ತದೆ. ಒಂದೇ ಕನ್ಸೋಲನ್ನು ಹಲವರು ಏಕಕಾಲದಲ್ಲಿ ನೋಡಬಹುದು, ಟೈಪಿಸುವ ಹಕ್ಕು ಮಾತ್ರ ಒಮ್ಮೆಗೆ ಒಬ್ಬರಿಗೆ. ಬಿಎಂಸಿಗಳು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಸೀರಿಯಲ್ ಅಧಿವೇಶನಕ್ಕೆ ಅವಕಾಶ ಕೊಡುವುದರಿಂದ ಈ ನಡುವಿನ ವ್ಯವಸ್ಥೆ ಇನ್ನೂ ಉಪಯುಕ್ತ. ಬಿಎಂಸಿಗೆ ಆಜ್ಞೆ ಕೊಡುವ ಐಪಿಎಂಐಟೂಲ್‌ನಿಂದ ನೇರವಾಗಿ ಸೇರಲು ಹೋದಾಗ, ಸೀರಿಯಲ್ ಈಗಾಗಲೇ ಇನ್ನೊಂದು ಅಧಿವೇಶನದ ವಶದಲ್ಲಿದೆ ಎಂಬ ದೂರು ಬಂದರೆ, ‘ಎಸ್‌ಒಎಲ್ ಡೀಆಕ್ಟಿವೇಟ್’ ಎಂದು ಹಳೆಯದನ್ನು ಬಿಡಿಸಿ ಆಮೇಲೆ ‘ಎಸ್‌ಒಎಲ್ ಆಕ್ಟಿವೇಟ್’ ಕೊಡಬೇಕು.

ಇನ್ನು ಸಂಪರ್ಕದ ಗುಣಮಟ್ಟ. 115200 ವೇಗದಲ್ಲಿ, ಪ್ರತಿ ಅಕ್ಷರಕ್ಕೆ ಆರಂಭದ ಮತ್ತು ಅಂತ್ಯದ ಬಿಟ್ ಸೇರಿ 10 ಬಿಟ್ ಎಂದರೂ, ಒಂದು ಸೆಕೆಂಡಿಗೆ ಹೆಚ್ಚೆಂದರೆ 11520 ಅಕ್ಷರ. ರೈಲಿನಲ್ಲಿ ಕೂತು ಮೊಬೈಲ್ ಹಾಟ್‌ಸ್ಪಾಟಿನಿಂದ ಕೆಲಸ ಮಾಡುವಾಗ ಆ ಪ್ರವಾಹ ಸರಾಗವಾಗಿ ಬರುತ್ತದೆ. ಪರದೆಯ ಚಿತ್ರ ತುಂಡುತುಂಡಾಗಿ ಬಂದು, ಒತ್ತಿದ ಕೀಲಿ ಎರಡೆರಡು ಸಲ ಹೋಗಿ, ಪಾಸ್‌ಫ್ರೇಸ್ ತಪ್ಪಾಗುತ್ತದೆ. ಉದ್ದನೆಯ ಪಾಸ್‌ಫ್ರೇಸನ್ನು ಪಾಸ್‌ವರ್ಡ್ ವ್ಯವಸ್ಥಾಪಕದಿಂದ ಅಂಟಿಸುವ ಅನುಕೂಲ ಸೀರಿಯಲ್‌ನಲ್ಲಿ ತಾನಾಗಿಯೇ ಸಿಗುತ್ತದೆ, ಬ್ರೌಸರ್ ಪರದೆಯಲ್ಲಿ ಎಲ್ಲ ಕಡೆ ಸಿಗದು.

ಮತ್ತೊಂದು ವಿಷಯವನ್ನು ಹೇಳಲೇಬೇಕು. ಯಂತ್ರ ಅರೆಜೀವವಾಗಿ, ಲಾಗಿನ್ ಕೂಡ ಕೊಡದೆ ಸಿಕ್ಕಿಕೊಂಡಾಗ ಸೀರಿಯಲ್ ಮೇಲೆ ಬ್ರೇಕ್ ಸಂಕೇತ ಕಳುಹಿಸಿ, 5 ಸೆಕೆಂಡಿನೊಳಗೆ ಒಂದು ಅಕ್ಷರ ಒತ್ತಿದರೆ ಅದು ಮ್ಯಾಜಿಕ್ ಸಿಸ್‌ಆರ್‌ಕ್ಯೂ ಆಜ್ಞೆಯಾಗಿ ಕರ್ನಲ್‌ಗೆ ನೇರವಾಗಿ ತಲುಪುತ್ತದೆ. ಐಪಿಎಂಐಟೂಲ್‌ನಲ್ಲಿ ಎಂಟರ್ ಒತ್ತಿ, ಟಿಲ್ಡೆ, ನಂತರ ದೊಡ್ಡ ಬಿ ಒತ್ತಿದರೆ ಬ್ರೇಕ್ ಹೋಗುತ್ತದೆ. ಆಮೇಲೆ ಡಬ್ಲ್ಯೂ ಒತ್ತಿದರೆ ಯಾವ ಪ್ರಕ್ರಿಯೆಗಳು ಡಿಸ್ಕಿಗಾಗಿ ಕಾಯುತ್ತ ನಿಂತಿವೆ ಎಂಬುದು ಕನ್ಸೋಲಿಗೆ ಸುರಿಯುತ್ತದೆ. ಎಸ್ ಡಿಸ್ಕಿಗೆ ಬಾಕಿ ಬರೆಯಲು, ಯು ಕಡತವ್ಯವಸ್ಥೆಗಳನ್ನು ಓದಲಷ್ಟೇ ಎಂದು ಬದಲಿಸಲು, ಬಿ ರೀಬೂಟ್‌ಗೆ. ಉಬುಂಟುವಿನಲ್ಲಿ ‘ಕರ್ನಲ್.ಸಿಸ್‌ಆರ್‌ಕ್ಯೂ’ ಬೆಲೆ 176 ಎಂದು ಬರುತ್ತದೆ. ಅದು 16, 32, 128ರ ಮೊತ್ತ. ಅಂದರೆ ಈ ಕೊನೆಯ ಮೂರಕ್ಕೆ ಅನುಮತಿಯುಂಟು, ಡಬ್ಲ್ಯೂ ಬೇಕೆಂದರೆ 8 ಕೂಡಿಸಿ 184 ಮಾಡಿಕೊಳ್ಳಬೇಕು. ಕಾರಣ ತಿಳಿಯದೆ ವಿದ್ಯುತ್ ಕಡಿದು ಮತ್ತೆ ಕೊಡುವ ಪದ್ಧತಿಗಿಂತ ಇದು ಎಷ್ಟೋ ಮೇಲು. ವಿದ್ಯುತ್ ಕಡಿದರೆ ಯಂತ್ರ ಏಳಬಹುದು, ಆದರೆ ಯಾಕೆ ಬಿತ್ತೆಂಬ ಸಾಕ್ಷ್ಯ ಹೋಯಿತು.

ಭದ್ರ_ಬಾಗಿಲು

ಅಪಾಯದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಬಿಎಂಸಿ ಎಂಬುದು ನಿಮ್ಮ ಸರ್ವರಿನೊಳಗಿರುವ ಇನ್ನೊಂದು ಕಂಪ್ಯೂಟರ್. ಸರ್ವರ್ ಆಫ್ ಆಗಿದ್ದರೂ ಅದು ಎಚ್ಚರವಿರುತ್ತದೆ, ವಿದ್ಯುತ್, ಬೂಟ್ ಕ್ರಮ, ಫರ್ಮ್‌ವೇರ್ ಎಲ್ಲದರ ಮೇಲೂ ಅದಕ್ಕೆ ಅಧಿಕಾರವಿದೆ. ಅದನ್ನು ಸಾರ್ವಜನಿಕ ಐಪಿ ವಿಳಾಸದಲ್ಲಿ ಇಡುವುದು ಯಾವ ಕಾರಣಕ್ಕೂ ಬೇಡ, ತಾತ್ಕಾಲಿಕವಾಗಿಯೂ ಬೇಡ.

ಇದನ್ನು ಇಷ್ಟು ಬಿಗಿಯಾಗಿ ಹೇಳಲು ಕಾರಣವಿದೆ. ಬಿಎಂಸಿಯೊಡನೆ ಮಾತನಾಡಲು 2004ರಲ್ಲಿ ಬಂದ ಐಪಿಎಂಐ 2.0 ನಿಯಮಾವಳಿಯಲ್ಲೇ ದೋಷವಿದೆ. ಲಾಗಿನ್ ಆಗುವ ಮಾತುಕತೆಯ ನಡುವೆ, ಕೇಳಿದವರು ಯಾರೆಂದು ಖಚಿತವಾಗುವ ಮೊದಲೇ, ಬಿಎಂಸಿಯು ಬಳಕೆದಾರರ ಪಾಸ್‌ವರ್ಡಿನಿಂದ ಲೆಕ್ಕಹಾಕಿದ ಹ್ಯಾಶ್ ಅನ್ನು ಎದುರಿನವರಿಗೆ ಕೊಟ್ಟುಬಿಡುತ್ತದೆ. ಬಳಕೆದಾರ ಹೆಸರೊಂದು ಗೊತ್ತಿದ್ದರೆ ಸಾಕು, ಹ್ಯಾಶ್ ತೆಗೆದುಕೊಂಡು ಹೋಗಿ ತಮ್ಮ ಯಂತ್ರದಲ್ಲಿ ಬಿಡುವಾಗಿ ಮುರಿಯಬಹುದು. ಭದ್ರತಾ ದೋಷಗಳ ಸಿವಿಇ ಪಟ್ಟಿಯಲ್ಲಿ ಸಿವಿಇ-2013-4786 ಎಂದು ದಾಖಲಾಗಿರುವ ಇದು ನಿಯಮಾವಳಿಯ ಭಾಗವೇ ಆದ್ದರಿಂದ ಫರ್ಮ್‌ವೇರ್ ನವೀಕರಿಸಿದರೂ ಹೋಗುವಂಥದ್ದಲ್ಲ. ಪಾಸ್‌ವರ್ಡಿಗೆ 20 ಬೈಟ್‌ಗಳ ಮಿತಿ ಬೇರೆ ಇದೆ. ಹಾಗಾಗಿ ಆ 20ನ್ನೂ ಪೂರ್ತಿ ಬಳಸಿ, ಯಾದೃಚ್ಛಿಕ ಅಕ್ಷರಗಳಿಂದ, ಪ್ರತಿ ಯಂತ್ರಕ್ಕೆ ಬೇರೆಯದೇ ಪಾಸ್‌ವರ್ಡ್ ಇಡಿ. ‘ಸೈಫರ್ ಸೂಟ್ 0’ ಎಂಬುದನ್ನು ಮುಚ್ಚಿ. ಅದು ತೆರೆದಿದ್ದರೆ ಪಾಸ್‌ವರ್ಡ್ ಏನೇ ಕೊಟ್ಟರೂ ಒಳಗೆ ಬಿಡುವ ಯಂತ್ರಗಳು ಇದ್ದವು.

ತಯಾರಕರ ಫರ್ಮ್‌ವೇರ್ ದೋಷಗಳು ಇವಕ್ಕೆ ಹೆಚ್ಚುವರಿ. ಸಿವಿಇ-2017-12542 ಎಂಬುದರಲ್ಲಿ ಎಚ್‌ಪಿಇಯ ಬಿಎಂಸಿಯಾದ ಐಎಲ್‌ಒ 4ಕ್ಕೆ ಕಳುಹಿಸುವ ಒಂದು ಎಚ್‌ಟಿಟಿಪಿ ಶೀರ್ಷಿಕೆಯಲ್ಲಿ ಇಂಗ್ಲಿಷಿನ ದೊಡ್ಡ ಎ ಅಕ್ಷರವನ್ನು 29 ಸಲ ಬರೆದರೆ ಲಾಗಿನ್ ಪರೀಕ್ಷೆಯೇ ತಪ್ಪಿಹೋಗುತ್ತಿತ್ತು. ಎಎಂಐ ಸಂಸ್ಥೆಯ ಮೆಗಾರ್ಯಾಕ್ ಎಂಬ ಬಿಎಂಸಿ ಫರ್ಮ್‌ವೇರ್‌ನಲ್ಲಿ ಕಂಡ ಸಿವಿಇ-2024-54085 ಕೂಡ ಲಾಗಿನ್ ತಪ್ಪಿಸುವ ದೋಷವೇ. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2025ರ ಜೂನ್‌ನಲ್ಲಿ ಅದನ್ನು ವಾಸ್ತವವಾಗಿ ದಾಳಿಗೆ ಬಳಕೆಯಾಗುತ್ತಿರುವ ದೋಷಗಳ ಪಟ್ಟಿಗೆ ಸೇರಿಸಿತು.

ನನ್ನ ಸಲಹೆ ಇದು. ಬಿಎಂಸಿಗಳಿಗೆಲ್ಲ ಪ್ರತ್ಯೇಕ ವಿಎಲ್ಯಾನ್ (ಬೇರ್ಪಡಿಸಿದ ಒಳಜಾಲ) ಇರಲಿ, ಅದರೊಳಗೆ ಹೋಗಲು ವೈರ್‌ಗಾರ್ಡ್ ಎಂಬ ವಿಪಿಎನ್ ಒಂದೇ ಬಾಗಿಲು ಇರಲಿ. ನಿಮ್ಮ ಬಿಎಂಸಿ ಎಸ್‌ಎಸ್‌ಎಚ್ ಮೂಲಕ ಸೀರಿಯಲ್ ಕೊಡುವುದಾದರೆ ಅದನ್ನೇ ಬಳಸಿ, ಯುಡಿಪಿ 623ರ ಐಪಿಎಂಐ ಅನ್ನು ನಿಲ್ಲಿಸಿಬಿಡಿ. ಐಎಲ್‌ಒದಲ್ಲಿ ಎಸ್‌ಎಸ್‌ಎಚ್ ಆದ ಮೇಲೆ ‘ವಿಎಸ್‌ಪಿ’ ಎಂದು ಕೊಟ್ಟರೆ, ಡೆಲ್‌ನ ಐಡ್ರ್ಯಾಕ್‌ನಲ್ಲಿ ‘ಕನ್ಸೋಲ್ ಕಾಮ್2’ ಎಂದು ಕೊಟ್ಟರೆ ಅದೇ ಸೀರಿಯಲ್ ತೆರೆಯುತ್ತದೆ. ಐಪಿಎಂಐ ಬಿಡಲಾಗದಿದ್ದರೆ ಸೈಫರ್ ಸೂಟ್ 17 ಬಳಸಿ, ಪಾಸ್‌ವರ್ಡನ್ನು ಆಜ್ಞೆಯ ಸಾಲಿನಲ್ಲಿ ಬರೆಯಬೇಡಿ. ಅದು ಪ್ರಕ್ರಿಯೆಗಳ ಪಟ್ಟಿಯಲ್ಲಿ ಎಲ್ಲರಿಗೂ ಕಾಣುತ್ತದೆ.

ಇನ್ನೊಂದು ಅಪಾಯ ನಿತ್ಯದ್ದು, ಬಹಳ ಸಲ ಕಣ್ತಪ್ಪುವಂಥದ್ದು. ಎಸ್‌ಎಸ್‌ಎಚ್ ಕಿಟಕಿ ಮುಚ್ಚಿದರೆ ಶೆಲ್ ಕೂಡ ಮುಚ್ಚುತ್ತದೆ. ಸೀರಿಯಲ್ ಅಧಿವೇಶನ ಬಿಟ್ಟು ಹೊರಬಂದರೆ ಶೆಲ್ ಹಾಗೆಯೇ ತೆರೆದಿರುತ್ತದೆ, ಮುಂದೆ ಆ ಸೀರಿಯಲ್ ತೆರೆದವರಿಗೆ ರೂಟ್ ಶೆಲ್ ಸಿದ್ಧವಾಗಿ ಸಿಗುತ್ತದೆ. ಸುಮ್ಮನಿರುವ ಶೆಲ್ ತಾನೇ ಮುಚ್ಚುವಂತೆ ರೂಟ್‌ನ ಪ್ರೊಫೈಲ್‌ನಲ್ಲಿ ‘ಟಿಎಂಔಟ್’ ಬೆಲೆಯನ್ನು ಕೆಲವು ನಿಮಿಷಗಳಿಗೆ ನಿಗದಿಪಡಿಸಿ.

ಧಾರವಾಡ_ನಿರ್ವಾಹಕ

ಎಲ್ಲರಿಗೂ ಕೃತಜ್ಞತೆಗಳು. ಕಾರ್ಡಿನ ಹೆಸರಿನ ಕೊನೆಗೆ ‘ಎನ್‌ಪಿ0’ ಸೇರಿರುವುದು ಖಚಿತವಾಯಿತು. ಈಗ ಎರಡು ಸಂದೇಹ. ಕೇಬಲ್ ಉಳಿಸಲು ಬಿಎಂಸಿಯನ್ನು ಸರ್ವರಿನ ಮೊದಲ ನೆಟ್‌ವರ್ಕ್ ಪೋರ್ಟಿನಲ್ಲೇ ಹಂಚಿಕೊಳ್ಳಬಹುದೆಂದು ಡೇಟಾ ಸೆಂಟರಿನವರು ಹೇಳುತ್ತಿದ್ದಾರೆ, ಇದು ಸರಿಯೇ? ಮತ್ತು ವೈರ್‌ಗಾರ್ಡ್ ನಮ್ಮ ಫೈರ್‌ವಾಲ್‌ನಲ್ಲೇ ಓಡುತ್ತದೆ. ಫೈರ್‌ವಾಲ್ ಕೆಟ್ಟರೆ ಬಿಎಂಸಿಯ ದಾರಿಯೂ ಮುಚ್ಚುತ್ತದಲ್ಲವೇ?

ರ್ಯಾಕ್_ಪಾಲಕಿ

ಎರಡನೆಯ ಪ್ರಶ್ನೆಯೇ ಈ ಚರ್ಚೆಯ ತಿರುಳು. ಹೌದು, ಮುಚ್ಚುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ತಾಸು ಸ್ತಬ್ಧವಾದಾಗ ಅವರ ಮುಖ್ಯ ಜಾಲದ ಜೊತೆಗೆ, ತುರ್ತಿಗೆಂದು ಇರಿಸಿದ್ದ ಹೊರದಾರಿಯ ಜಾಲವೂ ಸಿಗಲಿಲ್ಲ. ಎಂಜಿನಿಯರುಗಳನ್ನು ಡೇಟಾ ಸೆಂಟರುಗಳಿಗೇ ಕಳುಹಿಸಬೇಕಾಯಿತೆಂದು ಆ ಸಂಸ್ಥೆಯೇ ಬರೆದುಕೊಂಡಿತು. 2022ರ ಜುಲೈ 8ರಂದು ಕೆನಡಾದ ರೋಜರ್ಸ್ ಜಾಲ ಬಿದ್ದಾಗಲೂ ನಿರ್ವಹಣೆಯ ಜಾಲ ಮುಖ್ಯ ಜಾಲವನ್ನೇ ನೆಚ್ಚಿಕೊಂಡಿತ್ತು. ಅಷ್ಟು ದೊಡ್ಡವರ ಮಟ್ಟದಲ್ಲೂ, ನಿಮ್ಮ ಕೆಲವೇ ಯಂತ್ರಗಳ ಮಟ್ಟದಲ್ಲೂ ಪ್ರಶ್ನೆ ಒಂದೇ: ಯಾವುದನ್ನು ರಿಪೇರಿ ಮಾಡಬೇಕೋ ಅದರ ಮೂಲಕವೇ ರಿಪೇರಿಗೆ ಹೋಗುವ ದಾರಿ ಇರಬಾರದು.

ನಿಮ್ಮ ಗಾತ್ರಕ್ಕೆ ಒಪ್ಪುವ ಪರಿಹಾರವೆಂದರೆ ರ್ಯಾಕಿನಲ್ಲಿ ಒಂದು ಪುಟ್ಟ ಲಿನಕ್ಸ್ ಯಂತ್ರ, ಅದಕ್ಕೆ 4ಜಿ ಮೋಡೆಮ್. ಮೊಬೈಲ್ ಕಂಪನಿಗಳು ಸಾಮಾನ್ಯವಾಗಿ ಹಲವು ಗ್ರಾಹಕರನ್ನು ಒಂದೇ ಐಪಿವಿ4 ವಿಳಾಸದ ಹಿಂದೆ ಇರಿಸುವುದರಿಂದ ಹೊರಗಿನಿಂದ ಆ ಮೋಡೆಮನ್ನು ಕರೆಯಲಾಗದು. ಆ ಪುಟ್ಟ ಯಂತ್ರವೇ ನಿಮ್ಮ ಧಾರವಾಡದ ಕಚೇರಿಗೋ ಬೇರೊಂದು ಕ್ಲೌಡ್ ಯಂತ್ರಕ್ಕೋ ವೈರ್‌ಗಾರ್ಡ್ ಸಂಪರ್ಕವನ್ನು ಸದಾ ಹಿಡಿದಿಟ್ಟುಕೊಳ್ಳುವಂತೆ ಮಾಡಬೇಕು. ಡೇಟಾ ಸೆಂಟರಿನ ಒಳಗೆ ಮೊಬೈಲ್ ಸಿಗ್ನಲ್ ಕ್ಷೀಣವಾಗಿರುವುದುಂಟು, ಆದ್ದರಿಂದ ಆಂಟೆನಾವನ್ನು ರ್ಯಾಕಿನ ಹೊರಗೆ ತರಲು ಮೊದಲೇ ಅನುಮತಿ ಕೇಳಿ.

ಈ ಪುಟ್ಟ ಯಂತ್ರವೇ ಕನ್‌ಸರ್ವರ್ ಓಡಿಸಲಿ. ಫೈರ್‌ವಾಲ್ ಮತ್ತು ಸ್ವಿಚ್‌ಗಳ ಕನ್ಸೋಲ್ ಪೋರ್ಟುಗಳನ್ನೂ ಯುಎಸ್‌ಬಿ-ಸೀರಿಯಲ್ ಕೇಬಲ್‌ಗಳಿಂದ ಇದಕ್ಕೇ ಜೋಡಿಸಿ. ಸರ್ವರ್‌ಗಳಿಗೆ ಬಿಎಂಸಿ ಇದೆ, ಆದರೆ ಫೈರ್‌ವಾಲ್‌ನ ಸಂರಚನೆ ಕೆಟ್ಟಾಗ ಅದನ್ನು ತಲುಪಲು ಬಹುತೇಕ ಕನ್ಸೋಲ್ ಪೋರ್ಟೊಂದೇ ದಾರಿ. ಸಿಸ್ಕೊ ಬಗೆಯ ಆರ್‌ಜೆ45 ಪೋರ್ಟಿಗೆ ರೋಲ್‌ಓವರ್ ಕೇಬಲ್ ಬೇಕು, ಸಾಮಾನ್ಯ ನೆಟ್‌ವರ್ಕ್ ಕೇಬಲ್ ನಡೆಯುವುದಿಲ್ಲ. ವೇಗ ಸಾಮಾನ್ಯವಾಗಿ 9600. ಹಲವು ಯುಎಸ್‌ಬಿ ಕೇಬಲ್‌ಗಳಿದ್ದಾಗ ಟಿಟಿವೈಯುಎಸ್‌ಬಿ0, ಟಿಟಿವೈಯುಎಸ್‌ಬಿ1 ಎಂಬ ಸಂಖ್ಯೆಗಳು ರೀಬೂಟ್ ಆದಾಗ ಅದಲುಬದಲಾಗಬಹುದು. ಡೆವ್ ಕೋಶದ ‘ಸೀರಿಯಲ್/ಬೈ-ಐಡಿ’ ಹೆಸರುಗಳನ್ನು ಬಳಸಿ. ಇಲ್ಲವಾದರೆ ಸ್ವಿಚ್ ಎಂದುಕೊಂಡು ಫೈರ್‌ವಾಲ್‌ಗೆ ಆಜ್ಞೆ ಕೊಡುವ ಪ್ರಸಂಗ ಬಂದೀತು.

ಪೋರ್ಟ್ ಹಂಚಿಕೊಳ್ಳುವ ಸಲಹೆಯನ್ನು ಒಪ್ಪಬೇಡಿ. ಯಂತ್ರ ರೀಬೂಟ್ ಆಗುವಾಗ, ಡ್ರೈವರ್ ಕಾರ್ಡನ್ನು ಮರುಹೊಂದಿಸುವಾಗ ಲಿಂಕ್ ಬಿದ್ದು ಏಳುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನಿಮಗೆ ಕನ್ಸೋಲ್ ಬೇಕಿರುತ್ತದೆ.

ಹಳೇ_ಟರ್ಮಿನಲ್

ಕೇಬಲ್ ಮಾತು ಬಂದದ್ದರಿಂದ ಕೆಲವು ವಿಷಯ ಸೇರಿಸುತ್ತೇನೆ. ಸರ್ವರಿನ ಒಂಬತ್ತು ಪಿನ್ನಿನ ಪೋರ್ಟಿಗೆ ಯುಎಸ್‌ಬಿ-ಸೀರಿಯಲ್ ಜೋಡಿಸುವುದಾದರೆ ನಡುವೆ ನಲ್ ಮೋಡೆಮ್ ಕೇಬಲ್ ಬೇಕು, ಏಕೆಂದರೆ ಎರಡೂ ತುದಿಗಳು 3ನೇ ಪಿನ್ನಿನಲ್ಲಿ ಕಳುಹಿಸಿ 2ನೆಯದರಲ್ಲಿ ಕೇಳುತ್ತವೆ. ಅವನ್ನು ಅಡ್ಡ ಹಾಯಿಸದಿದ್ದರೆ ಇಬ್ಬರೂ ಮಾತನಾಡುತ್ತಾರೆ, ಯಾರಿಗೂ ಕೇಳಿಸುವುದಿಲ್ಲ. ರಾಸ್ಪ್‌ಬೆರಿ ಪೈ ಬಳಸುವವರು ಅದರ 3.3 ವೋಲ್ಟಿನ ಪಿನ್ನುಗಳನ್ನು ನೇರವಾಗಿ ಸರ್ವರಿನ ಸೀರಿಯಲ್ ಪೋರ್ಟಿಗೆ ಜೋಡಿಸಲೇಬಾರದು. ಆರ್‌ಎಸ್-232 ತಂತಿಯಲ್ಲಿ ಧನ ಮತ್ತು ಋಣ ಎರಡೂ ಕಡೆಗೆ 15 ವೋಲ್ಟ್‌ವರೆಗೆ ಇರಬಹುದು, ಪೈ ಸುಟ್ಟುಹೋಗುತ್ತದೆ.

ಸೀರಿಯಲ್‌ಗೂ ಮಿತಿಯಿದೆ, ಅದನ್ನೂ ಹೇಳಬೇಕು. ಕರ್ನಲ್ ಸಂದೇಶವನ್ನು ಸೀರಿಯಲ್‌ಗೆ ಬರೆಯುವಾಗ ಸಾಂಪ್ರದಾಯಿಕವಾಗಿ ಅದು ಹೋಗಿ ಮುಗಿಯುವವರೆಗೆ ಕಾಯುತ್ತದೆ. 9600 ವೇಗದಲ್ಲಿ ನೂರು ಅಕ್ಷರದ ಸಾಲಿಗೆ ಸುಮಾರು ಹತ್ತನೇ ಒಂದು ಸೆಕೆಂಡು ಬೇಕು. ಫೈರ್‌ವಾಲ್ ನಿಯಮವೊಂದು ತಡೆದ ಪ್ರತಿ ಪ್ಯಾಕೆಟ್ಟನ್ನೂ ಲಾಗ್ ಮಾಡುವಂತಿದ್ದರೆ ಸರ್ವರ್ ಸಂದೇಶ ಬರೆಯುವುದರಲ್ಲೇ ತೊಡಗಿ ಉಳಿದ ಕೆಲಸ ಮರೆಯುತ್ತದೆ, ‘ಸಾಫ್ಟ್ ಲಾಕಪ್’ ಎಂಬ ದೂರುಗಳೂ ಬರುತ್ತವೆ. 115200 ಇಡಿ, ಕರ್ನಲ್ ಸಾಲಿನಲ್ಲಿ ‘ಲಾಗ್‌ಲೆವೆಲ್=4’ ಎಂದು ಸೇರಿಸಿ; ದೋಷಗಳ ಸಂದೇಶ ಬರುತ್ತದೆ, ಹರಟೆ ಬರುವುದಿಲ್ಲ.

ಬ್ರೇಕ್ ಸಂಕೇತದ ವಿಷಯದಲ್ಲಿ ಹಳೆಯ ಸನ್ ಸ್ಪಾರ್ಕ್ ಯಂತ್ರಗಳ ಪಾಠ ನೆನಪಿಡಬೇಕಾದದ್ದು. ಅವುಗಳಲ್ಲಿ ಕನ್ಸೋಲಿಗೆ ಬ್ರೇಕ್ ಬಂದರೆ ಸೋಲಾರಿಸ್ ನಿಂತು ‘ಓಕೆ’ ಎಂಬ ಫರ್ಮ್‌ವೇರ್ ಸೂಚನೆ ಕಾಣುತ್ತಿತ್ತು. ‘ಗೋ’ ಎಂದು ಟೈಪಿಸುವವರೆಗೆ ಇಡೀ ಯಂತ್ರ ಸ್ತಬ್ಧ. ಟರ್ಮಿನಲ್ ಸರ್ವರನ್ನು ಆಫ್ ಮಾಡಿದಾಗ ತಂತಿಯಲ್ಲಾದ ವೋಲ್ಟೇಜ್ ಬದಲಾವಣೆಯೂ ಬ್ರೇಕ್‌ನಂತೆ ತೋರಿ, ಅದಕ್ಕೆ ಜೋಡಿಸಿದ್ದ ಸರ್ವರ್‌ಗಳೆಲ್ಲ ಒಟ್ಟಿಗೆ ನಿಲ್ಲುತ್ತಿದ್ದವು. ಆ ಕಾರಣಕ್ಕೇ ಎಂಟರ್, ಟಿಲ್ಡೆ, ಕಂಟ್ರೋಲ್-ಬಿ ಎಂಬ ಪರ್ಯಾಯ ಕ್ರಮವನ್ನು ತಂದರು. ಲಿನಕ್ಸ್‌ನಲ್ಲಿ ಬ್ರೇಕ್‌ನ ನಂತರ ಇನ್ನೊಂದು ಅಕ್ಷರ ಬೇಕೆಂಬ ನಿಯಮವಿರುವುದರಿಂದ ಅಷ್ಟು ಅಪಾಯವಿಲ್ಲ.

ರಾಟರ್‌ಡ್ಯಾಮ್_ಕನ್ನಡಿಗ

ವಿಂಡೋಸ್ ಸರ್ವರ್ ಇರುವವರಿಗಾಗಿ ಒಂದು ಮಾತು. 2003ರ ಆವೃತ್ತಿಯಿಂದಲೇ ಅದರಲ್ಲಿ ಇಎಂಎಸ್ ಮತ್ತು ಎಸ್‌ಎಸಿ ಎಂಬ ಸೀರಿಯಲ್ ಕನ್ಸೋಲ್ ಇದೆ. ಈಗಿನ ಆವೃತ್ತಿಗಳಲ್ಲಿ ಅದನ್ನು ‘ಬಿಸಿಡಿಎಡಿಟ್’ ಆಜ್ಞೆಯಿಂದ ಚಾಲೂ ಮಾಡಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ನವೀಕರಣದಿಂದ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿಪರದೆಗೆ ಸಿಕ್ಕಾಗ, ಬೂಟ್ ಹಂತವನ್ನು ದೂರದಿಂದ ತಲುಪಬಲ್ಲ ದಾರಿ ಇದ್ದವರು ಕುಳಿತಲ್ಲಿಂದಲೇ ಕಡತ ಅಳಿಸಿದರು, ಇಲ್ಲದವರು ಯಂತ್ರದಿಂದ ಯಂತ್ರಕ್ಕೆ ನಡೆದರು. ಕ್ಲೌಡ್‌ನಲ್ಲೂ ಈ ಸೌಲಭ್ಯ ಉಂಟು: ಅಮೆಜಾನ್ ತನ್ನ ಇಸಿ2 ಸೀರಿಯಲ್ ಕನ್ಸೋಲನ್ನು 2021ರ ಮಾರ್ಚ್‌ನಲ್ಲಿ ತಂದಿತು. ಆದರೆ ಅದರೊಳಗೆ ಲಾಗಿನ್ ಆಗಲು ಪಾಸ್‌ವರ್ಡ್ ಇರುವ ಬಳಕೆದಾರ ಬೇಕು. ಎಲ್ಲವೂ ಎಸ್‌ಎಸ್‌ಎಚ್ ಕೀಲಿಯಿಂದಲೇ ನಡೆಯುವ ಯಂತ್ರದಲ್ಲಿ ಹಾಗೊಬ್ಬರು ಇರುವುದೇ ಇಲ್ಲ. ಧಾರವಾಡದವರು ತಮ್ಮ ಯಂತ್ರಗಳಲ್ಲೂ ಇದನ್ನು ಪರಿಶೀಲಿಸಬೇಕು.

ಕಾವೇರಿ_ಕ್ಲೌಡ್

ದಾಖಲೆ ಉಳಿಯುವ ವಿಷಯದಲ್ಲಿ ರ್ಯಾಕ್_ಪಾಲಕಿಯವರ ವಾದವನ್ನು ಒಪ್ಪುತ್ತೇನೆ. ಪರದೆಯನ್ನು ಐಎಸ್‌ಒ ಮತ್ತು ಬಯಾಸ್ ಕೆಲಸಕ್ಕೆ ಇಟ್ಟುಕೊಂಡು, ನಿತ್ಯದ ದಾರಿಯಾಗಿ ಸೀರಿಯಲ್ ಇರಲಿ ಎಂಬುದು ಈಗ ನನ್ನ ಅಭಿಪ್ರಾಯ ಕೂಡ.

ಧಾರವಾಡ_ನಿರ್ವಾಹಕ

ಬಿಎಂಸಿಗಳಿಗೆ ಪ್ರತ್ಯೇಕ ಕೇಬಲ್ ಹಾಕಿಸಿದೆವು; ಪುಟ್ಟ ಯಂತ್ರ ಮತ್ತು 4ಜಿ ಮೋಡೆಮ್ ರ್ಯಾಕಿಗೆ ಸೇರಿವೆ. ನಮ್ಮ ಯಂತ್ರಗಳಲ್ಲೂ ಬಿಎಂಸಿಯ ಸೀರಿಯಲ್ ಟಿಟಿವೈಎಸ್1 ಮೇಲೆಯೇ ಇತ್ತು. ನೆಟ್‌ವರ್ಕ್ ಕೇಬಲನ್ನು ಬೇಕೆಂದೇ ತೆಗೆಸಿ ಒಂದು ಯಂತ್ರವನ್ನು ರೀಬೂಟ್ ಮಾಡಿ ನೋಡಿದೆವು: ಪಾಸ್‌ಫ್ರೇಸ್ ಪ್ರಶ್ನೆ ಸೀರಿಯಲ್‌ನಲ್ಲಿ ಬಂತು, ಧಾರವಾಡದಿಂದಲೇ ಕೊಟ್ಟೆ, ಲಾಗಿನ್ ಸಿಕ್ಕಿತು.

ಮುಂದೆ ಈ ಚರ್ಚೆ ಓದುವವರಿಗಾಗಿ ಎರಡು ಸಣ್ಣ ವಿಷಯ ದಾಖಲಿಸುತ್ತೇನೆ. ಪುಟ್ಟ ಯಂತ್ರಕ್ಕೆ ಎಸ್‌ಎಸ್‌ಎಚ್ ಮಾಡಿ, ಅಲ್ಲಿಂದ ಐಪಿಎಂಐಟೂಲ್ ಓಡಿಸುವಾಗ ಹೊರಬರಲು ಟಿಲ್ಡೆ ಮತ್ತು ಚುಕ್ಕೆ ಒತ್ತಿದರೆ ಎಸ್‌ಎಸ್‌ಎಚ್ ಸಂಪರ್ಕವೇ ಕಡಿಯುತ್ತದೆ, ಏಕೆಂದರೆ ಎರಡಕ್ಕೂ ಅದೇ ಸಂಕೇತ. ಟಿಲ್ಡೆಯನ್ನು ಎರಡು ಸಲ ಒತ್ತಿ ಚುಕ್ಕೆ ಒತ್ತಿದರೆ ಒಳಗಿನದು ಮಾತ್ರ ಮುಚ್ಚುತ್ತದೆ. ಮತ್ತೆ, ಸೀರಿಯಲ್‌ಗೆ ಕಿಟಕಿಯ ಅಳತೆ ಗೊತ್ತಾಗದ್ದರಿಂದ ವಿಮ್ ತೆರೆದಾಗ ಸಾಲುಗಳು ಒಂದರ ಮೇಲೊಂದು ಬೀಳುತ್ತಿದ್ದವು. ‘ಎಸ್‌ಟಿಟಿವೈ ರೋಸ್ 50 ಕಾಲ್ಸ್ 132’ ಎಂದು ನಮ್ಮ ಕಿಟಕಿಯ ಅಳತೆ ಕೊಟ್ಟ ಮೇಲೆ ಸರಿಹೋಯಿತು.

ಒಂದು ತೊಡಕು ಉಳಿದಿದೆ. ಗ್ರಬ್ ಮೆನುವಿನ ಪ್ರತಿ ಸಾಲೂ ಎರಡೆರಡು ಸಲ ಕಾಣುತ್ತದೆ, ಬಾಣದ ಕೀಲಿ ಒತ್ತಿದರೆ ಪರದೆ ಕಲಸಿಹೋಗುತ್ತದೆ. ಕರ್ನಲ್ ಶುರುವಾದ ಮೇಲೆ ಎಲ್ಲ ಸರಿಯಾಗಿದೆ.

ಹಳೇ_ಟರ್ಮಿನಲ್

ನಿಮ್ಮದು ಯುಇಎಫ್‌ಐ (ಹಳೆಯ ಬಯಾಸ್‌ನ ಜಾಗಕ್ಕೆ ಬಂದ ಫರ್ಮ್‌ವೇರ್) ಬೂಟ್ ಇರಬೇಕು. ಅದರಲ್ಲಿ ಗ್ರಬ್ ‘ಕನ್ಸೋಲ್’ಗೆ ಬರೆದದ್ದನ್ನು ಫರ್ಮ್‌ವೇರ್ ತಾನೇ ಸೀರಿಯಲ್‌ಗೆ ತಿರುಗಿಸುತ್ತದೆ, ನೀವು ಗ್ರಬ್‌ಗೆ ‘ಸೀರಿಯಲ್’ ಎಂದೂ ಬರೆದಿದ್ದರೆ ಅದು ಅದೇ ಪೋರ್ಟಿಗೆ ನೇರವಾಗಿ ಇನ್ನೊಮ್ಮೆ ಬರೆಯುತ್ತದೆ. ‘ಗ್ರಬ್_ಟರ್ಮಿನಲ್’ ಸಾಲಿನಿಂದ ‘ಸೀರಿಯಲ್’ ತೆಗೆದು ‘ಕನ್ಸೋಲ್’ ಒಂದನ್ನೇ ಉಳಿಸಿ, ‘ಅಪ್‌ಡೇಟ್-ಗ್ರಬ್’ ಓಡಿಸಿ. ಬಯಾಸ್‌ನಲ್ಲಿ ಪೋಸ್ಟ್ (ಯಂತ್ರದ ಆರಂಭದ ಸ್ವಪರೀಕ್ಷೆ) ನಂತರದ ರೀಡೈರೆಕ್ಷನ್ ಎಂಬ ಆಯ್ಕೆ ಇದ್ದರೆ ಅದು ಚಾಲೂ ಇರಲಿ, ಇಲ್ಲವಾದರೆ ಈ ಬದಲಾವಣೆಯ ನಂತರ ಮೆನುವೇ ಕಾಣದೆ ಹೋಗುತ್ತದೆ. ಒಂದು ಯಂತ್ರದಲ್ಲಿ ಮಾಡಿ, ಸೀರಿಯಲ್‌ನಿಂದಲೇ ಹಳೆಯ ಕರ್ನಲ್ ಆರಿಸಿ ಬೂಟ್ ಆಗುವುದನ್ನು ನೋಡಿದ ಮೇಲೆ ಉಳಿದವುಗಳಿಗೆ ಕೈಹಾಕಿ.